ಕರೆಂಟ್ ಹಾಯಿಸಿದರೆ ಮಣ್ಣಿನ ಉಪ್ಪು ಸುಟ್ಟುಹೋಗುತ್ತದೆಯೇ?

"ಪಾಲಿಹೌಸ್ ಮಣ್ಣಿಗೆ ಕರೆಂಟ್ ಕೊಟ್ಟರೆ ಉಪ್ಪು, ನೈಟ್ರೇಟ್ ಎರಡೂ ಸುಟ್ಟು ಮಾಯವಾಗುತ್ತವೆ" ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ದಕ್ಷಿಣ ಕೊರಿಯಾದಲ್ಲಿ ಹಸಿರುಮನೆ ಮಣ್ಣಿನ ಮೇಲೆ ಇಂಥ ಪ್ರಯೋಗಗಳು ನಡೆದಿರುವುದು ನಿಜ. ಸೂರಿನಡಿ ಮಳೆ ಬೀಳುವುದಿಲ್ಲ, ಗೊಬ್ಬರ ಮಾತ್ರ ಬೀಳುತ್ತಲೇ ಇರುತ್ತದೆ. ಹಾಗಾಗಿ ಉಪ್ಪು ಮೇಲ್ಪದರದಲ್ಲೇ ಕೂರುತ್ತದೆ.

ಆದರೆ ಕರೆಂಟ್ ಉಪ್ಪನ್ನು ಸುಡುವುದಿಲ್ಲ, ಸರಿಸುತ್ತದೆ. ಒದ್ದೆ ಮಣ್ಣಿನಲ್ಲಿ ನೈಟ್ರೇಟ್, ಕ್ಲೋರೈಡ್ ಪ್ಲಸ್ ತುದಿಯ ಕಡೆ ಸಾಗುತ್ತವೆ. ಸೋಡಿಯಂ, ಪೊಟ್ಯಾಸಿಯಂ ಮೈನಸ್ ತುದಿಯ ಕಡೆ. ಅಲ್ಲಿ ಸೇರಿದ ಉಪ್ಪುನೀರನ್ನು ಹೊರಗೆ ತೆಗೆಯದಿದ್ದರೆ ಉಪ್ಪು ಹಸಿರುಮನೆಯೊಳಗೇ ಉಳಿದ ಹಾಗೆ, ಅಲ್ವಾ? ನೈಟ್ರೇಟ್ ಸಲೀಸಾಗಿ ಸರಿಯುತ್ತದೆ. ಕ್ಯಾಲ್ಸಿಯಂ, ಸಲ್ಫೇಟ್ ಅಷ್ಟು ಸುಲಭವಲ್ಲ, ಜಿಪ್ಸಂ ಆಗಿ ಗಟ್ಟಿಯಾಗಿಬಿಡುತ್ತವೆ. ಜೊತೆಗೆ ಪ್ಲಸ್ ತುದಿಯ ಮಣ್ಣು ಹುಳಿಯಾಗುತ್ತದೆ, ಮೈನಸ್ ತುದಿಯದ್ದು ಕ್ಷಾರವಾಗುತ್ತದೆ. ಅದನ್ನೂ ಸರಿಪಡಿಸಬೇಕು.

ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು "ಮನೆಯ ಲೈನ್‌ನಿಂದಲೇ ವೈರ್ ಎಳೆಯಿರಿ" ಎಂಬ ಸಲಹೆ. ದಯವಿಟ್ಟು ಬೇಡ. ಒದ್ದೆ ನೆಲದಲ್ಲಿ 230 ವೋಲ್ಟ್ ಜೀವ ತೆಗೆಯುತ್ತದೆ. ಅದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಎಸಿ ಕರೆಂಟ್, ಉಪ್ಪು ಒಂದು ಕಡೆಗೆ ಸಾಗುವುದೇ ಇಲ್ಲ. ಈ ಕೆಲಸಕ್ಕೆ ಬೇಕಿರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್.

ಮೊದಲು ಮಣ್ಣಿನ ಇಸಿ (ಉಪ್ಪಿನ ಪ್ರಮಾಣ ತಿಳಿಸುವ ವಿದ್ಯುತ್ ವಾಹಕತೆ) ಪರೀಕ್ಷೆ ಮಾಡಿಸಿ. ನೈಟ್ರೇಟ್ ಜಾಸ್ತಿ ಇದ್ದರೆ ಗೊಬ್ಬರ ಕಡಿಮೆ ಮಾಡಿ. ಬೆಳೆಗಳ ನಡುವೆ ಗೊಬ್ಬರ ಹಾಕದೆ ಜೋಳ ಬೆಳೆದು, ಕೊಯ್ದು ಹೊರಗೆ ಸಾಗಿಸಿ.