ಎದುರುಗಾಳಿ ಸಹಿಸಬಹುದು, ಈ ಮಣ್ಣು ಸಹಿಸಲಾಗದು

ಮಳೆಗಾಲದಲ್ಲಿ ಗದಗದಿಂದ ಹುಬ್ಬಳ್ಳಿಗೆ ರಿಲೇ ಸೈಕಲ್ ಸವಾರಿ ಮಾಡಿ ನೋಡಿ. ನೈಋತ್ಯದ ಗಾಳಿ ಎದೆಗೇ ಬಡಿಯುತ್ತದೆ. ಇರಲಿ, ಗಾಳಿಗೆ ಏನಂತ ಬೈಯೋದು?

ನನ್ನ ಸಿಟ್ಟೆಲ್ಲ ರಸ್ತೆ ಮೇಲಿನ ಎರೆಮಣ್ಣಿನದು. ಅಣ್ಣಿಗೇರಿ ಸುತ್ತಮುತ್ತ ಟ್ರ್ಯಾಕ್ಟರ್‌ಗಳು ಹೊಲದಿಂದ ನೇರ ಡಾಂಬರು ಹತ್ತುತ್ತವೆ. ಗಾಲಿಗೆ ಮೆತ್ತಿದ ಮಣ್ಣೆಲ್ಲ ಅಲ್ಲೇ ಉದುರುತ್ತದೆ. ರಸ್ತೆಗೆ ಬರೋ ಮುಂಚೆ ಒಂದು ಸಲ ಗುದ್ದಲಿಯಿಂದ ಕೆರೆದರೆ ಆಗಲ್ವಾ? ಎರೆಮಣ್ಣು ನೆನೆದರೆ ಬರೀ ಅಂಟು. ಟೈರಿಗೂ ಬ್ರೇಕಿಗೂ ನಡುವೆ ತುಂಬಿಕೊಂಡು ಗಾಲಿ ತಿರುಗೋದೇ ನಿಲ್ಲುತ್ತದೆ. ಕಡ್ಡಿ ಹುಡುಕಿ ಮಣ್ಣು ಕೀಳುತ್ತ ಕೂತರೆ, ಲಾರಿಯೊಂದು ಗುಂಡಿಯ ನೀರನ್ನೆಲ್ಲ ಮುಖಕ್ಕೆ ಎರಚಿ ಹೋಗುತ್ತದೆ. ಸೈಕಲ್ ಕಂಡಾಗ ಸ್ವಲ್ಪ ನಿಧಾನ ಮಾಡಬಾರದಾ?

ರಿಲೇಯಲ್ಲಿ ಈ ಕಷ್ಟ ಒಬ್ಬರಿಗೇ ಮುಗಿಯಲ್ಲ. ನಾನು ಇಲ್ಲಿ ತಡ ಮಾಡಿದಷ್ಟೂ ಮುಂದಿನ ಪಾಳಿಯ ಗೆಳೆಯ ನಲವಡಿ ಹತ್ತಿರ ತೊಯ್ದು ನಡುಗುತ್ತ ಕಾಯುತ್ತಿರುತ್ತಾನೆ. ಪಾಪ, ಅಷ್ಟು ಹೊತ್ತು ನಿಂತು ಕಾಲು ಮರಗಟ್ಟಿದ ಮೇಲೆ ಎದುರುಗಾಳಿಯಲ್ಲಿ ಪೆಡಲ್ ತುಳಿಯೋದು ಸುಮ್ನೆ ಮಾತಲ್ಲ. ರಸ್ತೆ ಅಂಚಿನ ಬಿಳಿ ಗೆರೆ ಪಕ್ಕ ಒಂದು ಮೊಳ ಜಾಗ ಮಣ್ಣಿಲ್ಲದೆ ಬಿಟ್ಟಿದ್ದರೂ ಸಾಕಿತ್ತು. ಅಷ್ಟೂ ಜಾಸ್ತಿನಾ?