ಗುಟ್ಟಿನ ಜಾಗಕ್ಕೆ ಗೈಡ್ ಬೇಕೆ?

ಪ್ರಶ್ನೆ: ಓಪನ್ ವರ್ಲ್ಡ್ (ಎಲ್ಲಿ ಬೇಕಾದರೂ ಅಲೆದಾಡಬಹುದಾದ) ಫ್ಯಾಂಟಸಿ ಗೇಮ್‌ಗಳಲ್ಲಿ ಅಡಗಿಸಿಟ್ಟ ಜಾಗಗಳನ್ನು ಗೈಡ್, ವಿಡಿಯೊ, ಆನ್‌ಲೈನ್ ಮ್ಯಾಪ್ ನೋಡಿಕೊಂಡು ಹುಡುಕುವುದು ಸರಿಯೆ?

ಪರ: ನೋಡಿಕೊಂಡೇ ಹೋಗಿ
(ದಾವಣಗೆರೆಯಿಂದ)

ಗೈಡ್ ಪರವಾಗಿ ಬರೆಯಿರಿ ಎಂದಿದ್ದಾರೆ, ಬರೆಯುತ್ತೇನೆ. ಒಂದನ್ನು ಮೊದಲೇ ಹೇಳಿಬಿಡುವುದು ವಾಸಿ. ಹೊಸ ಗೇಮ್ ಹಾಕಿದ ಮೊದಲ ಹತ್ತು ಗಂಟೆ ಮ್ಯಾಪೂ ಬೇಡ, ವಿಡಿಯೊವೂ ಬೇಡ ಎನ್ನುವವರ ಜೊತೆ ನನಗೆ ಜಗಳವಿಲ್ಲ. ನನ್ನ ವಾದ ಶುರುವಾಗುವುದು ಹನ್ನೊಂದನೇ ಗಂಟೆಯಿಂದ.

ಇಲ್ಲಿ ಹಾಸ್ಟೆಲ್ ಹುಡುಗರು ಹೆಚ್ಚಾಗಿ ಆಡುವುದು ಫೋನಿನಲ್ಲಿ. ಗೆನ್ಶಿನ್ ಇಂಪ್ಯಾಕ್ಟ್ (2020) ತೆಗೆದುಕೊಳ್ಳಿ. ಮೊದಲ ನಾಡು ಮೊಂಡ್‌ಸ್ಟಾಟ್‌ನಲ್ಲಿ ಹುಡುಕಬೇಕಾದ ಅನೆಮೊಕ್ಯುಲಸ್ ಎಂಬ ಹೊಳೆಯುವ ವಸ್ತು 66, ಎರಡನೆಯದಾದ ಲಿಯುಯೆಯಲ್ಲಿ ಜಿಯೊಕ್ಯುಲಸ್ 131. ಹತ್ತಿರ ಹೋದರೆ ಮಿನಿಮ್ಯಾಪ್‌ನಲ್ಲಿ ಗುರುತು ಮೂಡುತ್ತದೆ, ಸರಿ. ಎತ್ತಿಕೊಂಡ ಮೇಲೆ ಅದು ಮಾಯ. ಎಲ್ಲೆಲ್ಲಿ ಎತ್ತಿದ್ದೀರಿ ಎಂಬುದನ್ನು ನೀವೇ ನೆನಪಿಟ್ಟುಕೊಳ್ಳಬೇಕು. 65 ಸಿಕ್ಕು ಒಂದು ಬಾಕಿ ಉಳಿದರೆ ಇಡೀ ನಾಡನ್ನು ಮತ್ತೆ ಜರಡಿ ಹಿಡಿಯಬೇಕು. ಊರಿನ ರೆಪ್ಯುಟೇಷನ್ ಏರಿಸಿಕೊಂಡರೆ ಹುಡುಕುವ ಕಲ್ಲು ಮಾಡಿಕೊಳ್ಳಬಹುದು, ಆದರೆ ಒಂದು ಕಲ್ಲಿಗೆ ಒಂದೇ ಸುಳಿವು. ಗೇಮ್ ಮಾಡಿದ ಕಂಪನಿಯೇ ಆನ್‌ಲೈನ್ ಮ್ಯಾಪ್ ಇಟ್ಟಿದೆ. ಮಾಡಿದವರೇ ಕೊಟ್ಟದ್ದನ್ನು ನೋಡಿದರೆ ಅದು ಕಳ್ಳತನ ಹೇಗಾಗುತ್ತದೆ? ಮೊದಲ ದಿನದಿಂದಲೇ ಅದರಲ್ಲಿ ಟಿಕ್ ಹಾಕುತ್ತಾ ಹೋಗಿ. ನಲವತ್ತು ಎತ್ತಿದ ಮೇಲೆ ಶುರುಮಾಡಿದರೆ ಟಿಕ್‌ಗೆ ಬೆಲೆಯಿಲ್ಲ.

ಎಲ್ಲಿ ನಿಲ್ಲಿಸಬೇಕು ಎಂದು ಹೇಳುವುದೂ ಗೈಡೇ. ಝೆಲ್ಡಾ ಸರಣಿಯ ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ (2017) ಅಡಗಿಸಿಟ್ಟ ಕೊರೊಕ್ ಬೀಜ 900. ಚೀಲದ ಎಲ್ಲ ಖಾನೆಗಳೂ ತೆರೆಯಲು 441 ಸಾಕು. ಉಳಿದ 459ನ್ನೂ ಹುಡುಕಿ ತಂದವನಿಗೆ ಸಿಗುವ ಬಹುಮಾನ ಬಂಗಾರದ ಬಣ್ಣದ ಲದ್ದಿಯಂಥದ್ದೊಂದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ: ಎಲ್ಡನ್ ರಿಂಗ್ (2022). ಅದರಲ್ಲಿ ಹಾಲಿಗ್‌ಟ್ರೀ ಎಂಬ ಇಡೀ ಪ್ರದೇಶವೇ ಮುಚ್ಚಿಟ್ಟದ್ದು. ದಾರಿ ತೆರೆಯಲು ಒಂದು ಪದಕದ ಎರಡು ತುಂಡು ಬೇಕು. ಬಲ ತುಂಡು ಲಿಯೂರ್ನಿಯಾದ ನೈಋತ್ಯ ಮೂಲೆಯ ಅಲ್ಬಿನಾರಿಕ್ ಹಳ್ಳಿಯಲ್ಲಿದೆ. ಅಲ್ಲಿ ದಿಬ್ಬದ ಮೇಲೊಂದು ಮಡಕೆ. ಅದು ಮಡಕೆಯಲ್ಲ, ವೇಷ ಮರೆಸಿಕೊಂಡು ಕುಳಿತ ಅಲ್ಬಸ್. ಕತ್ತಿ ತಾಗಿಸಿ, ಇಲ್ಲವೇ ರೋಲ್ ಮಾಡಿ (ಉರುಳಿ) ಡಿಕ್ಕಿ ಹೊಡೆಯಿರಿ; ವೇಷ ಕಳಚುತ್ತದೆ, ಮಾತಾಡಿಸಿದರೆ ತುಂಡು ಕೊಡುತ್ತಾನೆ. ಎಡ ತುಂಡು ಎಷ್ಟೋ ಗಂಟೆಗಳ ಆಟದ ಆಚೆ, ಹಿಮಬೆಟ್ಟದ ಉತ್ತರಕ್ಕಿರುವ ಕ್ಯಾಸಲ್ ಸೋಲ್‌ನಲ್ಲಿ. ಕಮಾಂಡರ್ ನಿಯಾಲ್‌ನನ್ನು ಸೋಲಿಸಿದ ಮೇಲೆ ಹೊರಟುಬಿಡಬೇಡಿ, ಅಲ್ಲಿಂದ ಮೇಲೆ ಹತ್ತಿ ತುದಿಗೆ ಹೋಗಬೇಕು. ಎರಡೂ ಕೈಗೆ ಬಂದ ಮೇಲೆ ರೋಲ್ಡ್ ಲಿಫ್ಟ್‌ಗೆ ವಾಪಸ್. ಜನ ಎಡವುವುದು ಇಲ್ಲೇ: ಎಂದಿನ ಬಟನ್ ಒತ್ತಿದರೆ ಲಿಫ್ಟ್ ಹಳೆಯ ಜಾಗಕ್ಕೇ ಹೋಗುತ್ತದೆ. ಆಯ್ಕೆ ಬದಲಿಸಿ ರಹಸ್ಯ ಪದಕವನ್ನು ಎತ್ತಿ ಹಿಡಿಯಬೇಕು. ಆಮೇಲೆ ಕಣ್ಣಿಗೆ ಕಾಣದ ಸೇತುವೆ. ರೇನ್‌ಬೋ ಕಲ್ಲು ಬೀಳಿಸುತ್ತಾ, ಕಲ್ಲು ನಿಂತಲ್ಲಿ ಕಾಲಿಡುತ್ತಾ ದಾಟಬೇಕು. ಅದರಾಚೆ ಹಿಮಬಯಲು. ಅಲ್ಲಿ ಆರ್ಡಿನಾ ಎಂಬ ಪಾಳು ಊರಿನಲ್ಲಿ ನಾಲ್ಕು ದೀಪ ಹಚ್ಚಿದರೆ ಮಾತ್ರ ಕೊನೆಯ ಬಾಗಿಲು ತೆರೆಯುತ್ತದೆ. ದಿಬ್ಬದ ಮೇಲಿನ ಮಡಕೆಯಿಂದ ಇಲ್ಲಿಯವರೆಗಿನ ಸರಪಳಿಯನ್ನು ಕೆಲಸಕ್ಕೆ ಹೋಗಿ ಬಂದು ರಾತ್ರಿ ಒಂದು ಗಂಟೆ ಆಡುವವನು ತಾನಾಗಿ ಕಟ್ಟಿಕೊಳ್ಳಲಿ ಎನ್ನುವುದು ನ್ಯಾಯವಲ್ಲ.

ದುಡ್ಡಿನ ಮಾತೂ ಇದೆ. 2024ರ ಜೂನ್‌ನಲ್ಲಿ ಬಂದ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ವಿಸ್ತರಣೆಗೆ ಬೇರೆ ದುಡ್ಡು ಕೊಡಬೇಕು. ಒಳಗೆ ಹೋಗಲು ರಾಡಾನ್ ಮತ್ತು ಮೋಗ್ ಎಂಬ ಎದುರಾಳಿಗಳಿಬ್ಬರನ್ನೂ ಸೋಲಿಸಿರಬೇಕು. ಮೋಗ್ ಇರುವ ಅರಮನೆಯೇ ಗುಪ್ತ ಜಾಗ: ಹಿಮಬಯಲಿನ ಪಶ್ಚಿಮ ಅಂಚಿನ ಪೋರ್ಟಲ್‌ನಿಂದ ಹೋಗಬೇಕು, ಇಲ್ಲವೇ ಬಿಳಿ ಮುಖವಾಡದ ವಾರೆ ಎಂಬಾತನ ಕ್ವೆಸ್ಟ್ (ಒಪ್ಪಿಸಿದ ಕೆಲಸ) ಮುಗಿಸಬೇಕು. ದುಡ್ಡು ಕೊಟ್ಟವನಿಗೆ ಬಾಗಿಲು ಎಲ್ಲಿದೆ ಎಂದು ಕೇಳುವ ಹಕ್ಕೂ ಇಲ್ಲವೆ?

ಕಡೆಯದಾಗಿ, ಹಿಂದಿರುಗಲಾಗದ ಬಾಗಿಲುಗಳು. ಲೇಂಡೆಲ್ ರಾಜಧಾನಿಯ ಕೆಳಗಿನ ಚರಂಡಿಯಲ್ಲಿ, ಬಾಸ್ (ದೊಡ್ಡ ಎದುರಾಳಿ) ಸತ್ತ ಕೋಣೆಯ ಪೀಠದ ಹಿಂದೆ ಒಂದು ಹುಸಿ ಗೋಡೆ. ಇನ್ನೂ ಆಳಕ್ಕಿಳಿದು ಮೈಮೇಲಿನ ಉಡುಪೆಲ್ಲ ತೆಗೆದು ಅಲ್ಲಿರುವ ಬಾಗಿಲು ತಳ್ಳಿದರೆ ನಿಮ್ಮ ಕಥೆಯ ಅಂತ್ಯವೇ ಬದಲಾಗಿಬಿಡುತ್ತದೆ. ಸರಿಪಡಿಸಲು ಒಂದು ಸೂಜಿ ಬೇಕು. ಅದಕ್ಕೆ ಮಿಲಿಸೆಂಟ್‌ಳ ಉದ್ದದ ಕ್ವೆಸ್ಟ್ ಮುಗಿಸಿ, ಮಲೇನಿಯಾಳನ್ನು ಸೋಲಿಸಿ, ಕೊನೆಗೆ ಪ್ಲಾಸಿಡುಸಾಕ್ಸ್ ಎಂಬ ಡ್ರ್ಯಾಗನ್ ಇದ್ದ ಅಂಗಳದಲ್ಲಿ ಅದನ್ನು ಬಳಸಬೇಕು. ಕಿಂಡಿಯ ಆಚೆ ಒನಕೆ ಹಿಡಿದವಳೊಬ್ಬಳು ನಿಂತಿದ್ದಾಳೆ ಎಂದು ಹೈದರನ ಸೈನಿಕರಿಗೆ ಯಾರಾದರೂ ಹೇಳಿದ್ದರೆ ಅವರೂ ಬೇಡ ಅನ್ನುತ್ತಿರಲಿಲ್ಲ.

ಇನ್ನು, ಎಲ್ಲವನ್ನೂ ಸ್ವಂತವಾಗಿಯೇ ಹುಡುಕುತ್ತೇವೆ ಎಂಬ ಹಟದವರು. ವಾಲ್ಕನೋ ಮ್ಯಾನರ್‌ನಲ್ಲಿ ಐವತ್ತು ಏಟು ಹೊಡೆದರೆ ಮಾಯವಾಗುವ ಗೋಡೆಯೊಂದು ಸಿಕ್ಕಾಗ ಜನ ಗೇಮ್‌ನ ಗೋಡೆ ಗೋಡೆಗೂ ಐವತ್ತು ಏಟು ಹಾಕಲು ಶುರುಮಾಡಿದರು. ಕೊನೆಗೆ ಅದು ಮಾಡಿದವರ ತಪ್ಪಿನಿಂದ ಉಳಿದ ಗೋಡೆ ಎಂದೇ ಹೆಚ್ಚಿನವರು ಒಪ್ಪಿಕೊಂಡರು. ಕೋಟೆ ಊರಿನವರಿಗೆ ಕಲ್ಲು ಬಡಿಯುವುದರಲ್ಲಿ ಸುಖವಿದ್ದರೆ ಬಡಿಯಲಿ.

ವಿರೋಧ: ಕಣ್ಣು ಯಾಕಿದೆ?
(ಚಿತ್ರದುರ್ಗದಿಂದ)

ದಾವಣಗೆರೆಯವರು ಬರೆದದ್ದು ಹುಡುಕಾಟದ ಬಗ್ಗೆ ಅಲ್ಲ, ದಿನಸಿ ಪಟ್ಟಿಯ ಬಗ್ಗೆ. 66, 131, 900, ಟಿಕ್, ಟಿಕ್, ಟಿಕ್. ಬೆಣ್ಣೆ ದೋಸೆಯನ್ನು ತೂಕಕ್ಕೆ ಹಾಕಿ ತಿಂದ ಹಾಗೆ.

ಅಡಗಿಸಿದ ಜಾಗಕ್ಕೂ ಕಳೆದುಹೋದ ಜಾಗಕ್ಕೂ ವ್ಯತ್ಯಾಸವಿದೆ. ಕಳೆದುಹೋದದ್ದಕ್ಕೆ ಸುಳಿವಿರುವುದಿಲ್ಲ. ಅಡಗಿಸಿದ್ದಕ್ಕೆ ಇದ್ದೇ ಇರುತ್ತದೆ, ಯಾಕೆಂದರೆ ಯಾರಿಗೂ ಸಿಗದ ಗುಹೆಯನ್ನು ಕಟ್ಟಲು ಯಾವ ಕಂಪನಿಯೂ ತಿಂಗಳುಗಟ್ಟಲೆ ಸಂಬಳ ಕೊಡುವುದಿಲ್ಲ. ಆಟ ಇರುವುದು ಆ ಸುಳಿವನ್ನು ಓದುವುದರಲ್ಲಿ. ಗೈಡ್ ನೋಡಿದವನು ಗುಹೆ ತಲುಪುತ್ತಾನೆ, ಆಟ ತಲುಪುವುದಿಲ್ಲ.

ನಮ್ಮ ಏಳು ಸುತ್ತಿನ ಕೋಟೆಯ ಬಗ್ಗೆ ಜನ ಹೇಳುವ ಕಥೆ ಹೀಗಿದೆ: ಹೈದರನ ಕಡೆಯವರಿಗೆ ಬಂಡೆಗಳ ನಡುವಿನ ಆ ಕಿಂಡಿ ಗೊತ್ತಾದದ್ದು ಒಬ್ಬ ಮೊಸರು ಮಾರುವ ಹೆಂಗಸಿನಿಂದ. ಅವಳು ಬಾಯಿಬಿಟ್ಟು ಹೇಳಲಿಲ್ಲ. ಬಾಗಿಲೇ ಇಲ್ಲದ ಕಡೆ ಅವಳು ಓಡಾಡುವುದನ್ನು ಅವರು ಗಮನಿಸಿದರು, ಅಷ್ಟೆ. ಓಡಾಡುವುದನ್ನು ನೋಡು, ಓಡಾಡಬಾರದ ಕಡೆ ಓಡಾಡುವುದನ್ನು ಇನ್ನೂ ಚೆನ್ನಾಗಿ ನೋಡು. ಝೆಲ್ಡಾ ಸರಣಿಯದೇ ಆದ ಟಿಯರ್ಸ್ ಆಫ್ ದಿ ಕಿಂಗ್‌ಡಮ್‌ನಲ್ಲಿ (2023) ಇದೇ ಪಾಠ. ಹೊಳೆಯುವ ಮೊಲದಂಥ ಬ್ಲೂಪಿ ಕಂಡರೆ ಬಾಣ ಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ತಡೆದುಕೊಂಡು ಹಿಂದೆ ಹೋಗಿ, ಬಹಳ ಸಲ ಅದು ಓಡುವುದು ಗುಹೆಯ ಬಾಯಿಗೆ. ಬೆಟ್ಟದ ನೆತ್ತಿಯ ಮೇಲೆ ಗುಲಾಬಿ ಹೂ ಬಿಟ್ಟ ಚೆರ್ರಿ ಮರ ಕಂಡರೆ ಬುಡದ ಬಟ್ಟಲಲ್ಲಿ ಒಂದು ಹಣ್ಣಿಡಿ, ಒಂದು ಸೇಬು ಸಾಕು. ಸುತ್ತಲಿನ ಗುಹೆಗಳ ಮೇಲೆಲ್ಲ ಬೆಳಕಿನ ಕಂಬ ಏಳುತ್ತದೆ. ತಕ್ಷಣ ಎತ್ತರದಲ್ಲೇ ನಿಂತು ಒಂದೊಂದು ಕಂಬಕ್ಕೂ ಪಿನ್ ಹಾಕಿಕೊಳ್ಳಿ, ಬೆಳಕು ಶಾಶ್ವತವಲ್ಲ.

ಅದೇ ಗೇಮ್‌ನ ಪಾತಾಳ ನನಗೆ ಕಂಡ ಹಾಗೆ ಈ ಕಲೆಯ ತುದಿ. ಮೇಲಿನ ನೆಲದಲ್ಲಿ 120 ಶ್ರೈನ್ (ಒಗಟಿನ ಗುಡಿ), ಪ್ರತಿ ಶ್ರೈನ್‌ನ ನೇರ ಕೆಳಗೆ ಪಾತಾಳದಲ್ಲಿ ಒಂದು ಲೈಟ್‌ರೂಟ್ (ಬೆಳಕು ಕೊಡುವ ಬೇರು), ಅವೂ 120. (ಆಕಾಶದ 32 ಶ್ರೈನ್ ಸೇರಿದರೆ ಒಟ್ಟು 152, ಅವು ಈ ಲೆಕ್ಕಕ್ಕಿಲ್ಲ.) ಶ್ರೈನ್‌ನ ಹೆಸರನ್ನು ಇಂಗ್ಲಿಷ್ ಆವೃತ್ತಿಯಲ್ಲಿ ಹಿಂದುಮುಂದಾಗಿ ಓದಿದರೆ ಕೆಳಗಿನ ಲೈಟ್‌ರೂಟ್‌ನ ಹೆಸರು. ಮೇಲೆ ಬೆಟ್ಟವಿದ್ದ ಕಡೆ ಕೆಳಗೆ ತಗ್ಗು, ಮೇಲೆ ಹೊಳೆ ಹರಿದ ಕಡೆ ಕೆಳಗೆ ದಾಟಲಾಗದ ಗೋಡೆ. ಹಾಗಾಗಿ ಪಾತಾಳದ ಕತ್ತಲಲ್ಲಿ ದಾರಿ ತಪ್ಪಿದವನು ವಿಡಿಯೊ ತೆಗೆಯಬೇಕಿಲ್ಲ, ಮ್ಯಾಪ್‌ನಲ್ಲಿ ಪದರ ಬದಲಿಸಿ ಮೇಲಿನ ನೆಲ ನೋಡಿದರೆ ಸಾಕು. ತಿರುಗಿಯೂ ಬಳಸಬಹುದು: ಪಾತಾಳದಲ್ಲಿ ಲೈಟ್‌ರೂಟ್ ಸಿಕ್ಕು ಮೇಲೆ ಏನೂ ಕಾಣದಿದ್ದರೆ, ಮೇಲೆ ಇನ್ನೂ ಸಿಗದ ಶ್ರೈನ್ ಇದೆ ಎಂದರ್ಥ. ಬಯಲಲ್ಲಿ ಕಾಣದಿದ್ದರೆ ಅದು ಗುಹೆಯೊಳಗಿರಬಹುದು. ಹತ್ತಿರದ ಬ್ಲೂಪಿ ಹುಡುಕಿ. ಯಾರೂ ಹೇಳಿಕೊಡದೆ ಈ ಸೂತ್ರ ಹೊಳೆಯುವ ಕ್ಷಣ ಒಂದಿದೆಯಲ್ಲ, ಅದು ಒಂದು ಗೇಮ್‌ಗೆ ಒಂದೇ ಸಲ ಬರುವುದು. ಈ ಪ್ಯಾರಾ ಓದಿ ನಿಮ್ಮದನ್ನು ನಾನೇ ಹಾಳುಮಾಡಿದ್ದರೆ ಕ್ಷಮಿಸಿ, ವಾದಕ್ಕೆ ಉದಾಹರಣೆ ಬೇಕಿತ್ತು.

ಬ್ರೆತ್ ಆಫ್ ದಿ ವೈಲ್ಡ್‌ನ ಲಾಸ್ಟ್ ವುಡ್ಸ್ ಇನ್ನೊಂದು. ತಪ್ಪು ಹೆಜ್ಜೆಯಿಟ್ಟರೆ ಮಂಜು ನುಂಗಿ ವಾಪಸ್ ಮೊದಲಿಗೆ ತಂದುಹಾಕುತ್ತದೆ. ನಿಲ್ಲಿಸಿಟ್ಟ ಪಂಜುಗಳ ಕಿಡಿ ಯಾವ ಕಡೆ ಹಾರುತ್ತದೋ ಆ ಕಡೆ ಮುಂದಿನ ಪಂಜಿಗೆ ಹೋಗಬೇಕು. ಪಂಜುಗಳು ಮುಗಿದಲ್ಲಿ ನೀವೇ ಒಂದು ಪಂಜು ಹಚ್ಚಿ ಕೈಯಲ್ಲಿ ಹಿಡಿದು, ಎರಡು ಹೆಜ್ಜೆಗೊಮ್ಮೆ ನಿಂತು ಜ್ವಾಲೆ ಬಾಗುವ ದಿಕ್ಕು ನೋಡಬೇಕು. ಓಡಿದರೆ ಕೆಟ್ಟಿರಿ, ಗಾಳಿ ತಿರುಗಿದ್ದು ಗೊತ್ತಾಗುವ ಮೊದಲೇ ಮಂಜಿನೊಳಗಿರುತ್ತೀರಿ. ಗಾಳಿ ಬಾಗಿಲು ಎಂದು ಕೋಟೆಯ ಬಾಗಿಲಿಗೇ ಹೆಸರಿಟ್ಟುಕೊಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಡನ್ ರಿಂಗ್‌ಗೆ ಬರೋಣ, ಏಕೆಂದರೆ ಅವರು ಅದನ್ನೇ ಹಿಡಿದು ಎಳೆದಾಡಿದ್ದಾರೆ. ಅದು ಸುಳಿವೇ ಕೊಡದ ಗೇಮ್ ಎಂಬುದು ಮ್ಯಾಪನ್ನು ಸರಿಯಾಗಿ ನೋಡದವರ ಮಾತು. ಇನ್ನೂ ತೆರೆಯದ ಮಬ್ಬು ಮ್ಯಾಪ್‌ನಲ್ಲೂ ದಾರಿಗಳು ತೆಳ್ಳಗೆ ಕಾಣುತ್ತವೆ, ದಾರಿಯ ಪಕ್ಕ ಒಂದು ಪುಟ್ಟ ಕಲ್ಲುಕಂಬದ ಗುರುತಿರುತ್ತದೆ. ಮ್ಯಾಪ್‌ನ ತುಂಡು ಸಿಗುವುದು ಅದರ ಬುಡದಲ್ಲೇ. ತೆರೆದ ಮೇಲೆ ಚಿತ್ರವನ್ನು ಹಿಗ್ಗಿಸಿ ನೋಡಿ: ಕಿತ್ತಳೆ ಅಂಚಿನ ಕಪ್ಪು ಬೊಟ್ಟು ಇದ್ದರೆ ಅದು ಗಣಿಯ ಬಾಯಿ, ಆಯುಧ ಬಲಪಡಿಸುವ ಕಲ್ಲು ಸಿಗುವ ಜಾಗ. ಬಯಲಲ್ಲಿ ಬಾಗಿ ನಿಂತ ಕಲ್ಲಿನ ವಿಗ್ರಹ ಸಿಕ್ಕು, ಮುಟ್ಟಿದಾಗ ಬೆಳಕಿನ ಗೆರೆ ಹೊರಟರೆ, ಆ ಗೆರೆಯ ತುದಿಯಲ್ಲಿ ನೆಲಮಾಳಿಗೆಯ ಸಮಾಧಿ. ಹುಸಿ ಗೋಡೆಗೂ ಲಕ್ಷಣವಿದೆ. ಏನೂ ಇಲ್ಲದ ಕುರುಡು ಓಣಿಯ ಕೊನೆಯಲ್ಲಿ ಕಾವಲುಗಾರ ಯಾಕೆ ನಿಂತಿದ್ದಾನೆ? ಕೋಣೆಯ ಒಂದು ಮಗ್ಗುಲಲ್ಲಿ ಗೂಡು, ಇನ್ನೊಂದು ಮಗ್ಗುಲು ಮಾತ್ರ ಯಾಕೆ ಬೋಳು? ಅಲ್ಲಿ ಒಂದೇ ಏಟು ಅಥವಾ ಒಂದು ರೋಲ್, ಐವತ್ತಲ್ಲ. ನೆಲದ ಮೇಲೆ ‘ಮುಂದೆ ಗುಪ್ತ ದಾರಿ’ ಎಂದು ಬೇರೆ ಆಟಗಾರರು ಬರೆದಿಡುವುದನ್ನು ಮಾತ್ರ ನಂಬಬೇಡಿ. ಅರ್ಧಕ್ಕರ್ಧ ಕೀಟಲೆ.

ಡ್ರ್ಯಾಗನ್-ಬರ್ನ್ಟ್ ಪಾಳಿನ ನೆಲಮಾಳಿಗೆಯ ಪೆಟ್ಟಿಗೆಯನ್ನು ಅವರು ಯಾಕೆ ಬಿಟ್ಟರೋ ತಿಳಿಯದು, ಗೈಡ್‌ನವರ ಮೆಚ್ಚಿನ ಉದಾಹರಣೆ ಅದೇ. ತೆರೆದರೆ ಹೊಗೆ ಎದ್ದು, ಆಟ ಶುರುಮಾಡಿದ ಬಡಪಾಯಿಯನ್ನು ದೂರದ ಕೇಲಿಡ್‌ನ ಗಣಿಯೊಳಗೆ ಎಸೆಯುತ್ತದೆ. ಗಣಿಯೊಳಗಿಂದ ಟೆಲಿಪೋರ್ಟ್ ಆಗುವುದಿಲ್ಲ. ಹೋರಾಡಬೇಡಿ, ಬಗ್ಗಿ ನಡೆದು ಗುಡಿಸಲಿನಲ್ಲಿರುವ ಗ್ರೇಸ್ ಎಂಬ ತಂಗುದಾಣ ಮುಟ್ಟಿಕೊಳ್ಳಿ. ಸತ್ತರೂ ಅಲ್ಲಿಂದಲೇ ಎದ್ದೇಳುತ್ತೀರಿ. ನಂತರ ಹೊರಗಿನ ಬೆಳಕು ಬರುವ ಕಡೆ ಓಡಿ, ಆಕಾಶ ಕಂಡೊಡನೆ ಮ್ಯಾಪ್ ತೆರೆಯಿರಿ. ನಷ್ಟ ಅರ್ಧ ಗಂಟೆ. ಆ ಕೆಂಪು ಆಕಾಶವನ್ನು ಸಿದ್ಧತೆಯಿಲ್ಲದೆ ಮೊದಲ ಸಲ ನೋಡಿದವನು ಆ ಅರ್ಧ ಗಂಟೆಯನ್ನು ವಾಪಸ್ ಕೇಳುವುದಿಲ್ಲ.

ಇನ್ನು ಕಥೆಯ ಅಂತ್ಯ ಬದಲಾಗುತ್ತದೆ ಎಂಬ ಗೋಳು. ಚರಂಡಿಗಿಳಿದು, ಬಾಸ್ ಕೊಂದು, ಗೋಡೆ ಮುರಿದು, ಹೆಣಗಳ ರಾಶಿ ದಾಟಿ, ಬಟ್ಟೆ ಬಿಚ್ಚಿ ಒಳಗೆ ಹೋದವನು ‘ಏನೋ ಆಗಿಬಿಡ್ತು, ಯಾರೂ ಹೇಳಲಿಲ್ಲ’ ಎಂದರೆ ನಗಬೇಕೋ ಅಳಬೇಕೋ? ಅಲ್ಲಿನ ಗ್ರೇಸ್‌ನಲ್ಲಿ ಕೂತರೆ ನಿಮ್ಮ ಜೊತೆಗಾತಿ ಮೆಲಿನಾ ಬಂದು ಬೇಡ ಎಂದು ಕೇಳಿಕೊಳ್ಳುತ್ತಾಳೆ. ಇದಕ್ಕಿಂತ ಗೈಡ್ ಬೇಕೆ?

ಗುರುತು ಹಾಕಿಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ವಿಚರ್ 3 (2015) ನೋಡಿ. ಸ್ಕೆಲಿಗೆಯ ಕಡಲ ತುಂಬ ಪ್ರಶ್ನಾರ್ಥಕ ಚಿಹ್ನೆ. ಒಂದೊಂದಕ್ಕೂ ದೋಣಿ ಹಾಕಿ, ಹಾರುವ ಸೈರನ್‌ಗಳನ್ನು ಹೊಡೆದುಹಾಕಿ, ಮುಳುಗಿ ತೆಗೆದರೆ ಸಿಗುವುದು ಕಳ್ಳಸಾಗಣೆದಾರರ ಅದದೇ ಪೆಟ್ಟಿಗೆ. ಚಿಹ್ನೆ ಇಲ್ಲದಿದ್ದರೆ ನಾಲ್ಕು ಸಿಕ್ಕು ನಾಲ್ಕೂ ಸಂತೋಷ ಕೊಡುತ್ತಿದ್ದವು. ಮ್ಯಾಪ್‌ನ ಫಿಲ್ಟರ್‌ನಲ್ಲಿ ಆ ಚಿಹ್ನೆಗಳನ್ನು ಆರಿಸಿಬಿಡಬಹುದು, ಹಾಗೇ ಮಾಡಿ. ಸ್ಕೈರಿಮ್‌ನಲ್ಲೂ (2011) ಗುಹೆ ಕಾಣುವ ಮೊದಲೇ ಕಂಪಾಸ್ ಪಟ್ಟಿಯಲ್ಲಿ ಅದರ ಚಿಹ್ನೆ ಹಾಜರ್. ಜನ ಬೆಟ್ಟ ನೋಡುವುದು ಬಿಟ್ಟು ಪಟ್ಟಿ ನೋಡುತ್ತಾ ನಡೆಯುತ್ತಾರೆ. ಅದೇ ಸರಣಿಯ ಮಾರೋವಿಂಡ್‌ನಲ್ಲಿ (2002) ಕ್ವೆಸ್ಟ್‌ಗೆ ಗುರುತೇ ಇರಲಿಲ್ಲ, ‘ಸೇತುವೆ ದಾಟಿ ಎಡಕ್ಕೆ ತಿರುಗು’ ಎನ್ನುವ ಥರದ ಮಾತಷ್ಟೇ. ನಮ್ಮಲ್ಲಿ ದಾರಿ ಕೇಳಿದರೆ ಹೇಳುವುದೂ ಹಾಗೇ.

ಚಂದ್ರವಳ್ಳಿಯ ಅಂಕಲಿ ಮಠದ ನೆಲದಡಿ ಕೋಣೆಗಳಿಗೆ ಟಾರ್ಚ್ ಹಿಡಿದ ಗೈಡ್ ಇಲ್ಲದೆ ಹೋಗುತ್ತೀರಾ ಎಂದು ಕೇಳುವವರಿದ್ದಾರೆ. ಖಂಡಿತ ಹೋಗಬಾರದು. ಅಲ್ಲಿ ಕಲ್ಲಿಗೆ ತಾಗುವುದು ನಿಮ್ಮದೇ ತಲೆ, ಗ್ರೇಸ್‌ನಲ್ಲಿ ಎದ್ದೇಳಲು ಬರುವುದಿಲ್ಲ.

ನೆನಪಿಡುವ ಕಷ್ಟ ಎಂಬುದೊಂದು ಮಾತ್ರ ನಿಜವಾದ ದೂರು. ಅದಕ್ಕೂ ಮದ್ದಿದೆ. ಬ್ರೆತ್ ಆಫ್ ದಿ ವೈಲ್ಡ್‌ನ ಮೊದಲ ಡಿಎಲ್‌ಸಿಯಲ್ಲಿ (ಬೇರೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಭಾಗ) ಹೀರೋಸ್ ಪಾತ್ ಎಂಬುದು ಬರುತ್ತದೆ. ಕಳೆದ 200 ಗಂಟೆ ನೀವು ನಡೆದದ್ದನ್ನೆಲ್ಲ ಮ್ಯಾಪ್ ಮೇಲೆ ಹಸಿರು ಗೆರೆಯಾಗಿ ತೋರಿಸುತ್ತದೆ, ಸತ್ತ ಕಡೆ ಕ್ರಾಸ್ ಸಹಿತ. ಬೇರೆ ಗೇಮ್‌ಗೆ ಒಂದು ನೋಟ್‌ಬುಕ್ ಸಾಕು. ಗೆರೆ ಒತ್ತಾಗಿ ಬಿದ್ದ ಕಡೆ ಮತ್ತೆ ಹೋಗಬೇಡಿ. ಒಂದೂ ಗೆರೆ ಬೀಳದ ಬೆಟ್ಟದ ಬೆನ್ನು ಎಲ್ಲಾದರೂ ಉಳಿದೇ ಇರುತ್ತದೆ, ಅಲ್ಲಿಗೆ ಹೊರಡಿ.