'ಪಕ್ಕಾ ಕೂತಿದೆ ಅಣ್ಣ'

ನಿನ್ನೆ ಮಂಡಗದ್ದೆ ಹತ್ತಿರ ಟೀ ಕುಡಿಯಲು ನಿಂತಿದ್ದೆ. ಜಿರಿಜಿರಿ ಮಳೆ. ತೀರ್ಥಹಳ್ಳಿ ಕಡೆಯಿಂದ ಒಬ್ಬ ಹುಡುಗ ಯಮಹಾದ ಹಳೇ ಬೈಕ್ ಆರ್‌ಎಕ್ಸ್ 100ರಲ್ಲಿ ಬಂದ. ಸೌಂಡ್ ಕೇಳಿಯೇ ಮುಖ ಅರಳಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಮುಂದಿನ ಚಕ್ರ ನೋಡಿದೆ ನೋಡಿ, ಅಲ್ಲಿಗೆ ಮುಗಿಯಿತು.

ಕೆಟಿಎಂ ಡ್ಯೂಕ್ 390 ಬೈಕಿನ ಫೋರ್ಕು, ಅಂದ್ರೆ ಮುಂದಿನ ಚಕ್ರ ಹಿಡಿಯೋ ಶಾಕಪ್‌ನ ಜೋಡಿ ಕಾಲು! 43 ಎಂಎಂ ದಪ್ಪ. ಬಡಕಲು ಕರುವಿಗೆ ಎಮ್ಮೆ ಕಾಲು ಜೋಡಿಸಿದ ಹಾಗೆ. ಮುಂದೆ 17 ಇಂಚಿನ ಮ್ಯಾಗ್‌ವೀಲ್, ಹಿಂದೆ ಹಳೇ 18 ಇಂಚೇ.

"ಹೆಂಗಿದೆ ಅಣ್ಣ?" ಅಂದ.

"ಹೆಂಗೆ ಕೂರಿಸಿದ್ರೋ ಮಾರಾಯ?"

"ಫೋರ್ಕು ಹಿಡಿಯೋ ಟಿ ಸಮೇತ ಎತ್ತಿ ಹಾಕಿದಾರೆ. ಸಂದಿ ತುಂಬೋಕೆ ಲೇತ್‌ನಲ್ಲಿ ಬುಷ್ ಹೊಡೆಸಿದ್ವಿ. ಪಕ್ಕಾ ಕೂತಿದೆ."

ಈ 'ಕೂತಿದೆ' ಅನ್ನೋ ಮಾತಿಗೇ ನನಗೆ ಮೈ ಉರಿಯೋದು. ಬುಷ್ ಹೊಡೆಸಿದರೆ ಒನಕೆನೂ ಕೂರುತ್ತೆ. ಆ ಫೋರ್ಕಿನ ಸ್ಪ್ರಿಂಗ್ ಮಾಡಿದ್ದು 150 ಕೆಜಿ ದಾಟಿದ ಗಾಡಿಗೆ. ಆರ್‌ಎಕ್ಸ್ ಹೆಚ್ಚುಕಮ್ಮಿ 100 ಕೆಜಿ. ಹ್ಯಾಂಡಲ್ ಹಿಡಿದು ಒತ್ತಿ ನೋಡಿದೆ. ಗೋಡೆ ಒತ್ತಿದ ಹಾಗಿತ್ತು. ಗುಂಡಿ ಸಿಕ್ಕರೆ ಚಕ್ರ ಇಳಿದು ಹತ್ತುವುದಿಲ್ಲ, ಎಗರುತ್ತದೆ. ನಮ್ಮ ರಸ್ತೆ, ಪಾಚಿ, ಮೇಲೆ ಮಳೆ. ಎಗರಿದ ಟಯರಿಗೆ ಹಿಡಿತ ಎಲ್ಲಿಂದ ಬರಬೇಕು? ಫೋರ್ಕಿನ ಉದ್ದ ಒಂದಿಂಚು ವ್ಯತ್ಯಾಸ ಆದರೂ ಹ್ಯಾಂಡಲ್ ವಾಲುವ ಕೋನವೇ ಬದಲು. ಮುಂದೆ ಎತ್ತರವಾದರೆ ಗಾಡಿ ತಿರುವಿನಲ್ಲಿ ಮೊಂಡು ಹಿಡಿಯುತ್ತೆ. ಹಿಂದೆ ಎತ್ತರವಾದರೆ ಸ್ಪೀಡಿನಲ್ಲಿ ಹ್ಯಾಂಡಲ್ ನಡುಗುತ್ತೆ.

ಇದು ಓದಿ ಕಲಿತದ್ದಲ್ಲ. ಕಾಲೇಜಲ್ಲಿದ್ದಾಗ ನನ್ನ ಸ್ಪ್ಲೆಂಡರ್‌ಗೆ ಬೇರೆ ಗಾಡಿಯ ಉದ್ದದ ಶಾಕಪ್ ಹಾಕಿಸಿ ಹಿಂಭಾಗ ಎತ್ತಿಸಿದ್ದೆ. ನಿಮ್ಮಲ್ಲಿ ಕೆಲವರು ಅದರ ಹಿಂದೆ ಕೂತಿದ್ದೀರಿ, ಕ್ಷಮೆ ಇರಲಿ. ಆಗುಂಬೆ ಘಾಟಿಯ 14 ತಿರುವಿನಲ್ಲಿ ಮೂರನೆಯದಕ್ಕೇ ನನ್ನ ಹೀರೋಗಿರಿ ಇಳಿದಿತ್ತು. ಮನೆಗೆ ಬಂದು ಸೈಡ್ ಸ್ಟ್ಯಾಂಡ್ ಹಾಕಿದೆ. ಗಾಡಿ ಎತ್ತರ, ಸ್ಟ್ಯಾಂಡ್ ಗಿಡ್ಡ. ಎಡಕ್ಕೆ ವಾಲಿ ದಡಾರ್ ಅಂತ ಅಂಗಳದಲ್ಲಿ ಹರವಿದ್ದ ಅಡಿಕೆ ಮೇಲೆ ಮಲಗಿತು. ಪೆಟ್ರೋಲ್ ವಾಸನೆಯ ಅಡಿಕೆ ಮೂಸಿ ಅಪ್ಪ ಎರಡು ದಿನ ಮಾತಾಡಲಿಲ್ಲ. ಅದೂ ಪಕ್ಕಾ ಕೂತಿತ್ತು ಸ್ವಾಮಿ!

'1996ಕ್ಕೇ ನಿಂತ ಗಾಡಿ, ಒರಿಜಿನಲ್ ಪಾರ್ಟ್ಸ್ ಎಲ್ಲಿ ಸಿಗುತ್ತೆ, ಡ್ರಮ್ ಬ್ರೇಕ್ ಘಾಟಿಗೆ ಸಾಲಲ್ಲ' ಅಂತ ಕಾಮೆಂಟ್ ಹಾಕಲು ಕೆಲವರು ಕಾಯ್ತಿರ್ತೀರಿ. ಒಪ್ಪಿದೆ, ಡಿಸ್ಕ್ ಬ್ರೇಕ್ ಬೇಕು. ಹೆಚ್ಚುಕಮ್ಮಿ ಅದೇ ತೂಕದ, 18 ಇಂಚಿನ ಚಕ್ರದ ಗಾಡಿಯ ಡಿಸ್ಕ್ ಇರೋ ಫೋರ್ಕು ಹುಡುಕಬಹುದಲ್ವಾ? ಇಲ್ಲ, ಅದು ರೀಲ್ಸ್‌ನಲ್ಲಿ ಚೆನ್ನಾಗಿ ಕಾಣಲ್ಲ.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಹೀಗೆ ಮಾಡಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಫೋರ್ಕು, ವೀಲು ಅಂತ ಬೆರಳು ಮಡಚಿ ಎಣಿಸಿ ತೋರಿಸಿದೆ. "ಪೊಲೀಸ್ರಿಗೆಲ್ಲ ಗೊತ್ತಾಗಲ್ಲ ಬಿಡಿ ಅಣ್ಣ" ಅಂದ. ನನ್ನ ಟೀ ದುಡ್ಡನ್ನೂ ಅವನೇ ಕೊಟ್ಟ. ಒಳ್ಳೇ ಹುಡುಗ, ಅದೇ ಬೇಜಾರು.

ವಾಪಸ್ ತೀರ್ಥಹಳ್ಳಿ ಕಡೆಗೇ ಹೊರಟ. ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಆ ದಪ್ಪ ಫೋರ್ಕು ಟ್ಯಾಂಕಿಗೆ ಬಡಿಯುತ್ತೆ ಅಂತ ಗ್ಯಾರೇಜಿನವರು ಸ್ಟಾಪರ್ ವೆಲ್ಡ್ ಮಾಡಿದ್ದರಂತೆ. ಆರ್‌ಎಕ್ಸ್ ಅಂದ್ರೆ ಒಂದೇ ಏಟಿಗೆ ತಿರುಗೋ ಗಾಡಿ. ಇವನು ನಡುರಸ್ತೆಯಲ್ಲಿ ಮುಂದೆ, ಹಿಂದೆ, ಮತ್ತೆ ಮುಂದೆ ಅಂತ ಕಾಲಲ್ಲಿ ತಳ್ಳುತ್ತಿದ್ದ. ಶಿವಮೊಗ್ಗ ಕಡೆಯಿಂದ ಬಂದ ಬಸ್ಸಿನವನು ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ.